ಮುಂಡರಗಿಯ ಸಿ.ಡಿ. ಖಡಕ್, ಲಕ್ಷ್ಮೇಶ್ವರದ್ದು ಮೆತ್ತಗೆ

ನನ್ನ ಸೋದರಮಾವ ಖಾಲಿ ಸಿ.ಡಿ.ಯನ್ನು ಮೂಸಿ ನೋಡಿ ಅದರ ಗುಣ ಹೇಳುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಪಕ್ಕದಲ್ಲೇ ಕುಳಿತು ನೋಡುವವರೆಗೆ ನಾನೂ ನಂಬಿರಲಿಲ್ಲ.

"ಹಳೇ ಮಾಲಲೇ ಇದು," ಎಂದು ಮೂಗು ಮುರಿದು ಅದನ್ನು ಅತ್ತ ಸರಿಸಿದ. ತಪ್ಪು ಅವನದಲ್ಲ. ಮೂವತ್ತು ವರ್ಷ ಗದಗಿನ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ದಲಾಲಿ ಮಾಡಿದವನು. ಚೀಲದೊಳಗೆ ಕೈಹಾಕಿ, ಒಂದು ಕಾಯಿ ಮುರಿದು ಮೂಸಿ, ಯಾವ ಊರಿನ ಹೊಲದ್ದೆಂದು ಹೇಳಿಬಿಡುತ್ತಿದ್ದ. ಸಿ.ಡಿ.ಯನ್ನೂ ಮುರಿದು ನೋಡಲಿಲ್ಲವಲ್ಲ, ಅದೇ ನಮ್ಮ ಪುಣ್ಯ.

ಈ ಹುಚ್ಚಿಗೆ ಕಾರಣವಿತ್ತು. ಅತ್ತೆಯ ಗಂಟಲಲ್ಲಿ ಗಡ್ಡೆಯಾಗಿತ್ತು. "ಆಪರೇಶನ್ ಮಾಡಿದರ ಜೀವಕ್ಕೇನೂ ಧೋಕಾ ಇಲ್ಲ. ಆದರ ದನಿ ಉಳೀತೈತಂತ ಹೇಳಾಕ ಬರೂದಿಲ್ಲ," ಎಂದು ಹುಬ್ಬಳ್ಳಿಯ ಡಾಕ್ಟರು ಒಂದು ತಿಂಗಳ ಗಡುವು ಕೊಟ್ಟು ಕಳಿಸಿದ್ದರು. ಅತ್ತೆ ಸೋಬಾನೆ ಪದ ಎತ್ತಿದರೆ ಓಣಿಯೇ ಕಿವಿಗೊಡುತ್ತಿತ್ತು. ಆ ದನಿಯನ್ನು ಅಷ್ಟರೊಳಗೆ ಸಿ.ಡಿ.ಗೆ ತುಂಬಿಸಬೇಕೆಂದು ಮಾವ ಹಟ ಹಿಡಿದ. ಆದರೆ ಯಾವ ಸಿ.ಡಿ.ಗೆ? ಅಲ್ಲೇ ಬಂತು ನೋಡಿ ತಕರಾರು!

ಗದಗು ಹೊಸ ಜಿಲ್ಲೆಯಾಗಿ ನಾಲ್ಕಾರು ವರ್ಷಗಳಾಗಿದ್ದವು. ಅಂಗಡಿಗಳ ಬೋರ್ಡಿನಲ್ಲಿ ಹಳೆಯ ಜಿಲ್ಲೆಯ ಹೆಸರು ಬಣ್ಣದಡಿಯಿಂದ ಇನ್ನೂ ಇಣುಕುತ್ತಿತ್ತು. ಮಾವ ಬಸ್ಸು ಹತ್ತಿ ಹೊಸ ಜಿಲ್ಲೆಯನ್ನೆಲ್ಲ ಸುತ್ತಿದ. ಲಕ್ಷ್ಮೇಶ್ವರದಿಂದ ಎರಡು ಸಿ.ಡಿ., ಶಿರಹಟ್ಟಿಯಿಂದ ಎರಡು, ಮುಂಡರಗಿಯಿಂದ ಮೂರು ಬಂದವು. ಎಲ್ಲವೂ ಒಂದೇ ಕಂಪನಿಯವು!

"ಮಾವ, ಎಲ್ಲಾ ಒಂದ ಕಾರ್ಖಾನ್ಯಾಗ ಆಗಿದ್ದು."

"ಬೀಜನೂ ಒಂದ ಇರತೈತಿ. ಅಸುಂಡಿ ಕಾಯಿ, ಕುರ್ತಕೋಟಿ ಕಾಯಿ ಎರಡೂ ಒಂದ ಆದಾವೇನು? ಅಂಗಡ್ಯಾಗ ಕುಂತಲ್ಲೆ ಆ ಊರ ಹವಾ ಕುಡಿತೈತಲೇ ಅದು!"

ನಾನು ಸಿ.ಡಿ.ಗಳ ಚೀಲ ಹಿಡಿದು ಅವನ ಹಿಂದೆ ಹೊರಟೆ.

ಪರೀಕ್ಷೆ ನಡೆಯುತ್ತಿದ್ದುದು ಬೆಟಗೇರಿಯಲ್ಲಿ, ಮಾವನ ಬಾಲ್ಯದ ಗೆಳೆಯ ಮಾಬುಸಾಬರ ರೆಕಾರ್ಡಿಂಗ್ ಅಂಗಡಿಯಲ್ಲಿ. ಪಕ್ಕದ ಮನೆಯ ಮಗ್ಗದ ಸದ್ದನ್ನು ಪ್ರತಿ ಸಿ.ಡಿ.ಗೂ ತುಂಬಿಸುವುದು, ಕಣ್ಣು ಮುಚ್ಚಿ ಕೇಳುವುದು. ಲಕ್ಷ್ಮೇಶ್ವರದ್ದು ಮೆತ್ತಗೆ, ಮುಂಡರಗಿಯದು ಖಡಕ್, ಶಿರಹಟ್ಟಿಯದಕ್ಕೆ ತುಸು ಥಂಡಿ ಹಿಡಿದಿದೆ! ಮಾಬುಸಾಬರಿಗೆ ಸಾಕಾಗಿಹೋಯಿತು. ಒಂದು ದಿನ ಒಂದೇ ಸಿ.ಡಿ.ಯನ್ನು ಮೂರು ಸಲ ಹಾಕಿ, ಮೂರೂ ಬೇರೆ ಬೇರೆ ಎಂದರು. ಮಾವ ಮೊದಲನೆಯದಕ್ಕೆ ಮುಖ ಸಿಂಡರಿಸಿದ, ಎರಡನೆಯದಕ್ಕೆ ತಲೆದೂಗಿದ, ಮೂರನೆಯದಕ್ಕೆ "ಆಣಿ ಮಾಡಿ ಹೇಳತೇನಿ, ಇದು ಮುಂಡರಗಿದು" ಎಂದ. ಮಾಬುಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕು ಗುಟ್ಟು ಬಿಟ್ಟುಕೊಟ್ಟರು. ಮಾವನಿಗೆ ನಾಚಿಕೆಯೇ? ಎಲ್ಲಿಂದ ಬರಬೇಕು!

"ಬಿಸಲ ಏರಿತ್ತಲ್ಲೋ ಸಾಬ! ಕಾದಂಗ ಕಾದಂಗ ಡಿಸ್ಕ್ ಬಿರುಸ ಆತು!"

ಹೀಗೆ ನಗುತ್ತ ನಗುತ್ತ ತಿಂಗಳು ಕರಗಿ ಮೂರೇ ದಿನ ಉಳಿದವು. ಅತ್ತೆಯ ದನಿ ಆಗಲೇ ಒಡೆಯತೊಡಗಿತ್ತು. ನನಗೂ ಸಿಟ್ಟು ಬಂತು. "ಯಾಕ ತಡಾ ಮಾಡಾಕತ್ತಿ ಮಾವ? ಯಾವುದರ ಒಂದಕ್ಕ ತುಂಬಿಸಬಾರದೇನು?" ಎಂದು ಜೋರು ಮಾಡಿದೆ.

ಮಾವ ಕೈಯಲ್ಲಿದ್ದ ಸಿ.ಡಿ.ಯನ್ನು ಧೋತರದ ಚುಂಗಿನಿಂದ ಒರೆಸುತ್ತ ಮೆಲ್ಲಗೆ ಹೇಳಿದ. "ತುಂಬಿಸಿಬಿಟ್ಟರ, ದನಿ ಹೋಗತೈತಿ ಅಂತ ನಾನ ಒಪ್ಪಿಕೊಂಡಂಗ ಆಗತೈತಲ್ಲಪಾ."

ನನ್ನ ಸಿಟ್ಟು ಇಳಿದುಹೋಯಿತು. ಮಾತು ಅಡುಗೆಮನೆಯಲ್ಲಿದ್ದ ಅತ್ತೆಯ ಕಿವಿಗೂ ಬಿದ್ದಿರಬೇಕು. ಸೆರಗು ಸಿಕ್ಕಿಸಿಕೊಂಡು ಬಂದವಳೇ, "ನೀವು ಆರಿಸೂದರಾಗ ನನ್ನ ದನಿ ಊರು ಬಿಟ್ಟು ಹೋಗತೈತಿ. ನಡೀರಿ ಬೆಟಗೇರಿಗೆ!" ಎಂದಳು.

ಅಂಗಡಿಯಲ್ಲಿ ಗಂಡನನ್ನು ಹೊರಗೆ ಕಟ್ಟೆಯ ಮೇಲೆ ಕೂಡ್ರಿಸಿ ಬಾಗಿಲು ಮುಚ್ಚಿದಳು. ಒಳಗೆ ಮಾಬುಸಾಬರು ಮತ್ತು ನಾನು ಮಾತ್ರ. "ಹಾಡ್ರಿ ವೈನಿ," ಎಂದರು ಮಾಬುಸಾಬರು. ಅತ್ತೆ ಗಂಟಲು ಸರಿಮಾಡಿಕೊಂಡಳು. ಹಾಡಲಿಲ್ಲ.

"ಏಳ್ರಿ, ಬಿಸಲ ಬಂತು," ಎಂದಳು ಮೈಕಿಗೆ. ಸ್ವಲ್ಪ ಹೊತ್ತು ಬಿಟ್ಟು, "ಚಾ ಆರಾಕತ್ತೈತಿ." ಮತ್ತೆ ಬಿಟ್ಟು, "ಗುಳಿಗಿ ನುಂಗಿದ್ರೇನು?" "ಉಪ್ಪು ಸಾಕು, ಬಿ.ಪಿ. ಐತಿ ನಿಮಗ." "ಛತ್ರಿ ಮರತ್ರಿ ನೋಡ್ರಿ."

"ಸೋಬಾನ ಪದ ವೈನಿ?" ಎಂದರು ಮಾಬುಸಾಬರು ಗಾಬರಿಯಾಗಿ.

"ಸೋಬಾನ ಕಟಗೊಂಡು ಏನ್ ಮಾಡ್ತಾರಣ್ಣಾ ಅವರು? ನಾ ಇಷ್ಟು ಒದರದಿದ್ದರ ಅವರ ದಿವಸ ಹ್ಯಾಂಗ ಸಾಗಬೇಕು?"

ಮಾಬುಸಾಬರು ಚಾಳೀಸು ತೆಗೆದು ಕಣ್ಣೊರೆಸಿಕೊಂಡರು. ನಾನು ಗೋಡೆ ಕಡೆ ಮುಖ ತಿರುಗಿಸಿದೆ.

ಆಪರೇಶನ್ ಸುಸೂತ್ರವಾಯಿತು. ಅತ್ತೆ ಗಟ್ಟಿಯಾದಳು, ದನಿ ಮಾತ್ರ ಬರಲಿಲ್ಲ.

ಅವರ ಮನೆಯಲ್ಲಿ ಉಳಿದಾಗೆಲ್ಲ ನಾನು ನೋಡುತ್ತೇನೆ. ಕೋಳಿ ಕೂಗುವ ಮೊದಲೇ ಮಾವನಿಗೆ ಎಚ್ಚರವಾಗಿರುತ್ತದೆ, ಆದರೆ ಕಣ್ಣು ಬಿಡುವುದಿಲ್ಲ. ಅತ್ತೆ ಒಂದು ಕೈಯಲ್ಲಿ ಚಹದ ಕಪ್ಪು ಹಿಡಿದು ಬಂದು, ಇನ್ನೊಂದು ಕೈಯಿಂದ ಪ್ಲೇಯರಿನ ಗುಂಡಿ ಒತ್ತುತ್ತಾಳೆ. "ಏಳ್ರಿ, ಬಿಸಲ ಬಂತು." ಆ ದನಿ ಪೂರ್ತಿ ಮುಗಿಯುವವರೆಗೆ ಕಾದು, ಆಗಷ್ಟೇ ಎಚ್ಚರವಾದವನಂತೆ ಮಾವ ಕಣ್ಣುಜ್ಜಿಕೊಳ್ಳುತ್ತಾನೆ.

"ಎದ್ದೆ, ಎದ್ದೆ. ಎಷ್ಟು ಒದರತಿ ಮಾರಾಯ್ತಿ!"