ಒಳಗೆ ಹೋಗಲೊಲ್ಲದ ಗುಂಡುಗಳು

ರಾಣೆಬೆನ್ನೂರಿನಲ್ಲಿ ಬಂದೂಕು ರಿಪೇರಿ ಅಂಗಡಿ ಇಟ್ಟವನಿಗೆ ನಗುವಿಗೇನೂ ಬರವಿಲ್ಲ. ಬಂದವರೆಲ್ಲರದೂ ಒಂದೇ ದೂರು: "ಗುಂಡು ಒಳಗ ಹೋಗವಲ್ದ್ರಿ!" ನನ್ನ ಸಂಕಟ ಮಾತ್ರ ಬೇರೆ. ಹಾವೇರಿಯ ರೈಫಲ್ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ನಾನು ಎರಡನೆಯವನು. ಗೆಲ್ಲುವ ಕಪ್ ಇಡಲೆಂದು ಗೋಡೆಯಲ್ಲಿ ಮಾಡಿಸಿದ ಗೂಡು ಇನ್ನೂ ಖಾಲಿ. ಹೆಂಡತಿ ಅದನ್ನು ದಿನಾ ಒರೆಸುತ್ತಾಳೆ, ಒರೆಸುವಾಗ ನನ್ನ ಮುಖ ನೋಡುತ್ತಾಳೆ.

ಎಣ್ಣೆ

ಕುಪ್ಪೇಲೂರಿನ ರೈತರೊಬ್ಬರು ಬೆಳೆ ಕಾಯುವ ರೈಫಲ್ ತಂದರು. ಗುಂಡು ಅರ್ಧಕ್ಕೇ ನಿಲ್ಲುತ್ತದಂತೆ. ಒತ್ತಿ ತಳ್ಳಬೇಡಿ, ಅನಾಹುತವಾದೀತು ಎಂದು ಬೈದು ಗುಂಡನ್ನು ಹಿಡಿದರೆ ಅದು ಬೆರಳಿಗೇ ಅಂಟಿತು.

"ಏನು ಹಚ್ಚೀರಿ ಇದಕ್ಕ?"

"ಶೇಂಗಾ ಎಣ್ಣಿರಿ. ಸರಾಗ ಹೋಗ್ಲಿ ಅಂತ."

ಎಣ್ಣೆ ಒಣಗಿ ಬೆಲ್ಲದ ಪಾಕದಂತಾಗಿತ್ತು. "ಇನ್ನ ಒಗ್ಗರಣಿ ಒಂದು ಬಾಕಿ ಐತ್ರಿ" ಅಂದೆ.

ಅವರು ಗಂಭೀರವಾಗಿ ಕೇಳಿದರು: "ಹಾಕಿದ್ರ ಒಳಗ ಹೊಕ್ಕೈತೇನ್ರಿ?"

ಮೆಣಸಿನಕಾಯಿ

ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ರೈಫಲ್ ಇಟ್ಟಿದ್ದ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯದೂ ಇದೇ ದೂರು. ಗುಂಡು ಕೂರುವ ಜಾಗವನ್ನು ಇಣುಕಿ ನೋಡಿ, ದೂಳಿರಬೇಕೆಂದು ಉಫ್ ಎಂದು ಊದಿದೆ. ಕೆಂಪು ಪುಡಿ ಎದ್ದಿತು! ನಾನು ಸೀನಿದೆ, ಅವರು ಸೀನಿದರು, ಎದುರಿನ ಚಹಾದಂಗಡಿಯವರೂ ಸೀನಿದರು. ಪುಡಿ ಹಾರಿದ ಮೇಲೆ ಗುಂಡು ಸಲೀಸಾಗಿ ಕೂತಿತು.

"ಎಲ್ಲಿಟ್ಟಿದ್ರಿ ಇದನ್ನ?"

"ಮೆಣಸಿನಕಾಯಿ ಚೀಲದ ಸಂದ್ಯಾಗ್ರಿ. ಕಳ್ಳರ ಕೈಗೆ ಸಿಗಬಾರದಲ್ಲ."

"ಹಂದಿ ಓಡಸಾಕ ಗುಂಡು ಯಾಕ್ರಿ? ಎದುರಿಗೆ ನಿಂತು ಒಮ್ಮೆ ಊದ್ರಿ, ಸಾಕು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರಿಗೆ ಸಿಟ್ಟು ನೆತ್ತಿಗೇರಿತು. "ಇನ್ನ ನಿಮ್ಮ ಅಂಗಡಿ ಮೆಟ್ಟಿಲ ಹತ್ತಂಗಿಲ್ಲ. ಸ್ಪರ್ಧೆಗೆ ನಾನೂ ಬರ್ತೇನಿ, ಅಲ್ಲೇ ತೋರಸ್ತೇ... ಆಕ್ಷೀ!"

ಪೂಜೆ

ಈ ಸಲ ಸ್ಪರ್ಧೆ ದಸರಾದ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಮರುದಿನವೇ ಬಂತು. ಸಿಟ್ಟಾದ ಆ ವ್ಯಾಪಾರಿಯೊಬ್ಬರನ್ನು ಬಿಟ್ಟು ಸ್ಪರ್ಧಿಗಳೆಲ್ಲ ತಮ್ಮ ರೈಫಲ್‌ಗಳನ್ನು ಸ್ವಚ್ಛ ಮಾಡಲು ನನಗೇ ಕೊಟ್ಟಿದ್ದರು. ಫಳಫಳ ಹೊಳೆಯಿಸಿ, ನನ್ನದನ್ನೂ ಸೇರಿಸಿ, ಗುಂಡು ಹಾಕುವ ಬಾಯಿ ತೆರೆದು ಸಾಲಾಗಿ ಇಟ್ಟೆ. ಹೆಂಡತಿ ಭಕ್ತಿಯಿಂದ ಪೂಜೆ ಮಾಡಿದಳು. ಬೆಳಿಗ್ಗೆ ಅವರವರದನ್ನು ಅವರವರು ಅವಸರದಲ್ಲಿ ಒಯ್ದರು.

ಹಾವೇರಿಯ ಮೈದಾನದಲ್ಲಿ ಸಾಲಿಗೆ ಹೋಗಿ ನಿಂತೆ. ಈ ಸಲ ಕಪ್ ನನ್ನದೇ! ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಐದು ನಿಮಿಷ, ಐದು ಗುಂಡು. ಸೀಟಿ ಊದಿದರು. ಗುಂಡು ಹಾಕಿದೆ. ಒಳಗೆ ಹೋಗಲಿಲ್ಲ! ಬಲಕ್ಕೆ ನೋಡಿದೆ, ಅವರದೂ ಹೋಗಿಲ್ಲ. ಎಡಕ್ಕೂ ಇಲ್ಲ. ಸಾಲಿಗೆ ಸಾಲೇ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ತುದಿಯಲ್ಲಿ ಒಂದೇ ಒಂದು ರೈಫಲ್ ಢಂ ಢಂ ಎನ್ನುತ್ತಿತ್ತು, ನಡುನಡುವೆ ಒಂದು ಸೀನು.

ಗುಂಡು ತೆಗೆದು ಇಣುಕಿದೆ. ಒಳಗೆ ಅರಿಸಿನ, ಕುಂಕುಮ, ಒಣಗಿ ಗಟ್ಟಿಯಾದ ಅಕ್ಷತೆ!

"ಏನ ಮಾಡೀದಿ?" ಎಂದು ಹೆಂಡತಿಯ ಕಡೆ ಕೂಗಿದೆ.

"ಬಂದೂಕಿನ ಜೀವ ಇರೋದು ಗುಂಡು ಕುಂದ್ರೋ ಜಾಗದಾಗ ಅಂತ ನೀವ ಹೇಳ್ತಿದ್ರಲ್ಲ? ಅಲ್ಲೇ ಹಚ್ಚೇನಿ. ಭೇದಭಾವ ಮಾಡಿಲ್ಲ, ಎಲ್ಲಾರದಕ್ಕೂ!"

ಕಪ್ ಬ್ಯಾಡಗಿಗೆ ಹೋಯಿತು. ನನಗೆ ಅಳುವೇ ಬಂತು. ಹೆಂಡತಿ ಮಾತ್ರ, ಕಪ್ ಹಿಡಿದು ಸೀನುತ್ತಿದ್ದ ವ್ಯಾಪಾರಿಯನ್ನು ನೋಡಿ ಮರುಗಿದಳು:

"ಪಾಪ, ಅವರ ಬಂದೂಕಿಗೆ ಪೂಜಿನ ಆಗಿಲ್ಲ. ಮುಂದಿನ ವರ್ಷ ಅದನ್ನೂ ತರಸ್ರಿ."