ದನದ ಡಾಕ್ಟರು ಫ್ಲೂ ಸೂಜಿ ಮಾಡಿಸಿಕೊಂಡದ್ದು

ಸೂಜಿಗೆ ಹೆದರುವವರನ್ನು ಕಂಡರೆ ನನಗೆ ಕನಿಕರ. ಇದು ಸೊಕ್ಕಿನ ಮಾತಲ್ಲ, ಅನುಭವದ ಮಾತು. ನಾನು ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಪಶು ವೈದ್ಯಕೀಯ ಪರೀಕ್ಷಕ. ಜನ ಪ್ರೀತಿಯಿಂದ 'ದನದ ಡಾಕ್ಟ್ರು' ಅನ್ನುತ್ತಾರೆ. ನಾನೂ ಅದನ್ನು ತಿದ್ದಲು ಹೋಗುವುದಿಲ್ಲ. ಇಪ್ಪತ್ತೊಂದು ವರ್ಷಗಳಲ್ಲಿ ನನ್ನ ಈ ಬಲಗೈ ಸೂಜಿ ಚುಚ್ಚಿದ ಎಮ್ಮೆ, ಆಕಳು, ಎತ್ತು, ಹೋರಿಗಳನ್ನು ಸಾಲಾಗಿ ನಿಲ್ಲಿಸಿದರೆ ಮೊದಲಿನದು ಆಲಮಟ್ಟಿ ಆಣೆಕಟ್ಟಿನ ಮೇಲಿರುತ್ತದೆ, ಕೊನೆಯದು ಇಂಡಿ ತಾಲ್ಲೂಕಿನ ಯಾವುದೋ ನಿಂಬೆ ತೋಟದಲ್ಲಿ ಮೇಯುತ್ತಿರುತ್ತದೆ!

ಅಡ್ಡ ಪರಿಣಾಮದ ಬಗ್ಗೆ ನಾನು ಮಾಡುವ ಭಾಷಣವಂತೂ ಊರೂರಿಗೆ ಬಾಯಿಪಾಠ. ಯಾವನಾದರೂ ರೈತ, "ಸಾಹೇಬ್ರ, ಸೂಜಿ ಮಾಡಿದ್ರ ಎಮ್ಮಿ ಹಾಲು ಕಡಿಮಿ ಆಗತೈತಂತಲ್ರಿ?" ಎಂದು ಕೇಳಿದನೆನ್ನಿ, ನಾನು ಎದೆ ಸೆಟೆಸಿ ಹೇಳುತ್ತೇನೆ:

"ಒಂದಿನ ಕಡಿಮಿ ಆಗಬಹುದು. ಮೈ ಜರಾ ಬಿಸಿ ಆಗಬಹುದು. ಮೂರನೇ ದಿನ ನೋಡಪಾ, ಎಂದಿನಂಗ ಮೇಯ್ತೈತಿ. ಕಾಲುಬಾಯಿ ಬ್ಯಾನಿ ಬಂತಂದ್ರ ಹಾಲೂ ಇಲ್ಲ, ಎಮ್ಮಿನೂ ಇಲ್ಲ!"

ಇಂಥ ನನಗೆ ಕಳೆದ ಚಳಿಗಾಲದ ಹೊತ್ತಿಗೆ ಫ್ಲೂ ಸೂಜಿಯ ಯೋಗ ಬಂತು. ನಮ್ಮ ಅವ್ವ ಹೊನ್ನವ್ವನಿಗೆ ಎಪ್ಪತ್ತೆರಡು ವರ್ಷ, ಹಳೆಯ ದಮ್ಮು. ಹಿಂದಿನ ವರ್ಷ ಮನೆಗೆ ಫ್ಲೂ ತಂದವನು ನಾನು, ಅದರಿಂದ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದವಳು ಅವಳು. ಆದ್ದರಿಂದ ಡಾಕ್ಟರು (ಮನುಷ್ಯರ ಡಾಕ್ಟರು) ಈ ಸಲ ಮನೆಯ ಮೂವರೂ ಸೂಜಿ ಮಾಡಿಸಿಕೊಳ್ಳಿ ಎಂದರು.

ನಾನು ಊಟಕ್ಕೆ ಕುಳಿತಲ್ಲಿಯೇ ಘೋಷಿಸಿದೆ. "ಎಲ್ಲಾರಿಗಿಂತ ಮೊದಲ ನಾ ಮಾಡಿಸ್ಕೊಂತೇನಿ. ನೀವಿಬ್ಬರೂ ನನ್ನ ನೋಡಿ ಧೈರ್ಯಾ ತಗೊಳ್ರಿ!"

ನನ್ನ ಹೆಂಡತಿ ರಾಜೇಶ್ವರಿ ಪಲ್ಯ ಬಡಿಸುತ್ತ, "ನಮಗೇನ್ ಅಂಜಿಕಿ ಇಲ್ಲಲ್ರಿ" ಎಂದಳು.

"ಇರ್ಲಿ. ಒಂದ ವ್ಯಾಳೆ ಬಂದ್ರ ಇರ್ಲಿ ಅಂತ ಹೇಳಿದೆ."

ದವಾಖಾನೆಯಲ್ಲಿ ಸುಲ್ತಾನಾ ಎಂಬ ನರ್ಸಮ್ಮ ಸಿರಿಂಜು ತೆಗೆದರು. ಅದನ್ನು ನೋಡಿದ ಮೇಲೆ ಹಿರಿಯರಿಗೆ ಮೊದಲು ಅವಕಾಶ ಕೊಡುವುದು ನಮ್ಮ ಸಂಸ್ಕೃತಿ ಎಂಬುದು ನನಗೆ ನೆನಪಾಯಿತು. ಅವ್ವನನ್ನು ಮುಂದೆ ಮಾಡಿದೆ. ಸುಲ್ತಾನಾ, "ಅಜ್ಜಿ, ಯಾವ ಕೈಗೆ ಮಾಡ್ಲಿ?" ಎಂದು ಕೇಳಿದರೆ, ಅವ್ವ, "ಯಾವುದಾದರೇನವಾ, ಎರಡೂ ನನ್ನವ ಅದಾವು" ಎಂದು ಬಲಗೈ ಚಾಚಿದಳು. ಮುಗಿದ ಮೇಲೆ, "ಇನ್ನೂ ಮಾಡಿಲ್ಲೇನ?" ಎಂದು ಕೇಳಿದಳು. ಆಮೇಲೆ ಮಹಿಳೆಯರಿಗೆ ಮೊದಲ ಮನ್ನಣೆ ಎಂಬುದೂ ನೆನಪಾಯಿತು. ರಾಜೇಶ್ವರಿ ತನ್ನ ಅಕ್ಕನ ಜೊತೆ ಫೋನಿನಲ್ಲಿ ಖಾರದ ಪುಡಿಯ ವಿಷಯ ಮಾತಾಡುತ್ತಲೇ ಸೂಜಿ ಮಾಡಿಸಿಕೊಂಡಳು. ಒಣಮೆಣಸಿನಕಾಯಿಯಿಂದ ಕೊತ್ತಂಬರಿ ಬೀಜಕ್ಕೆ ಮಾತು ಹೊರಳುವಷ್ಟರಲ್ಲಿ ಕೆಲಸ ಮುಗಿದಿತ್ತು.

ನನಗಿಂತ ಮುಂದೆ ದೂಡಲು ಇನ್ನು ಯಾರೂ ಉಳಿದಿರಲಿಲ್ಲ.

"ಸರ್, ಕೈ ಸಡಿಲ ಬಿಡ್ರಿ," ಎಂದರು ಸುಲ್ತಾನಾ.

"ಬಿಟ್ಟೇನಿ."

"ಇದಲ್ರಿ. ಕುರ್ಚಿ ಹಿಡ್ಕೊಂಡೀರಲ್ರಿ, ಆ ಕೈ."

ಎಡಗೈಗೆ ಚುಚ್ಚಿದರು. ಸತ್ಯ ಹೇಳಬೇಕೆಂದರೆ ನೋವೇ ಆಗಲಿಲ್ಲ. ನನ್ನ ಹೆಂಡತಿಯ ಚುಚ್ಚುಮಾತಿಗೆ ಹೋಲಿಸಿದರೆ ಆ ಚುಚ್ಚುಮದ್ದು ಹೂವು! ಅಲ್ಲಿಗೆ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹದಿನೈದು ನಿಮಿಷ ಕುಳಿತು ಹೋಗಿ ಎಂದರಲ್ಲ, ಆ ಹೊತ್ತಿನಲ್ಲಿ ಔಷಧಿಯ ಡಬ್ಬಿಯೊಳಗಿನ ಚೀಟಿ ನನ್ನ ಕೈಗೆ ಸಿಕ್ಕಿತು. ಎಂಟು ಮಡಿಕೆ, ಸಾಸಿವೆ ಕಾಳಿನಷ್ಟು ಅಕ್ಷರ. ಚುಚ್ಚಿದ ಜಾಗದಲ್ಲಿ ನೋವು, ಮೈಕೈ ನೋವು, ತಲೆನೋವು, ದಣಿವು, ಹಸಿವು ಮಂದ, ಸಣ್ಣ ಜ್ವರ. ಕೆಳಗೆ ಹೋದಂತೆ ಅಪರೂಪದವು, ಇನ್ನೂ ಕೆಳಗೆ ಅತಿ ಅಪರೂಪದವು. ಹದಿನೈದು ನಿಮಿಷ ಕುಳಿತುಕೊಳ್ಳಬೇಕಾದವನು ಮುಕ್ಕಾಲು ತಾಸು ಕುಳಿತೆ.

ಸುಲ್ತಾನಾ ಬಂದು, "ಸರ್, ಏನರ ತ್ರಾಸ ಆಗಾಕತ್ತೈತೇನ್ರಿ?" ಎಂದು ಕೇಳಿದರು.

"ಇನ್ನೂ ಇಲ್ಲ."

"ಹಂಗಾರ ಮನಿಗೆ ಹೋಗ್ರಿ. ಕೈ ಎರಡ ದಿನ ನೋಯಬಹುದು, ಅಷ್ಟ. ಕೆಲಸಾ ಮಾಡ್ಕೋಂತ ಇರ್ರಿ, ಲಗೂನ ಹೋಗತೈತಿ."

ಮನೆಗೆ ಬಂದ ಮೇಲೆ ಅಡ್ಡ ಪರಿಣಾಮಗಳು ಒಂದೊಂದಾಗಿ ಬರತೊಡಗಿದವು. ಆಶ್ಚರ್ಯವೆಂದರೆ ಅವು ಚೀಟಿಯಲ್ಲಿದ್ದ ಕ್ರಮದಲ್ಲಿಯೇ ಬಂದವು! ನಾಲ್ಕು ಗಂಟೆಗೆ ಕೈ ನೋವು. ನಾಲ್ಕೂವರೆಗೆ ಮೈಕೈ ನೋವು. ಐದಕ್ಕೆ ತಲೆನೋವು. ಐದೂವರೆಗೆ ದಣಿವು. ಸಂಜೆ ಊಟಕ್ಕೆ ಕುಳಿತಾಗ ಹಸಿವು ಮಂದ.

"ಬ್ಯಾಡ, ನನಗ ಊಟಾ ಸೇರವಲ್ದು," ಎಂದೆ.

"ಇದು ನಾಕನೇ ರೊಟ್ಟಿರಿ," ಎಂದಳು ರಾಜೇಶ್ವರಿ.

"ಅದಕ್ಕ ಹೇಳಿದೆ. ಐದನೇದು ಸೇರವಲ್ದು."

ಉಳಿದದ್ದು ಜ್ವರ. ಮನೆಯ ಥರ್ಮಾಮೀಟರಿನ ಸೆಲ್ ಮುಗಿದಿತ್ತು. ನನ್ನ ಕೆಲಸದ ಚೀಲದಲ್ಲಿ ಹೊಸದೊಂದಿತ್ತು, ಇನ್ನೂ ಯಾವ ಎಮ್ಮೆಯ ಪರಿಚಯವೂ ಆಗದ್ದು. ಬಗಲಲ್ಲಿ ಇಟ್ಟುಕೊಂಡು ನೋಡಿದೆ. ತೊಂಬತ್ತೆಂಟೂ ಚಿಲ್ಲರೆ! ನನ್ನ ಎದೆ ಧಸಕ್ಕೆಂದಿತು. ಇರಬೇಕಾದದ್ದು ನೂರಾಒಂದೂವರೆ. ಮೂರು ಡಿಗ್ರಿ ಇಳಿದಿದೆ! ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಮೂರು ಡಿಗ್ರಿ ಇಳಿದ ಮೇಲೆ ಎದ್ದು ನಿಂತ ಪ್ರಾಣಿಯನ್ನು ನಾನು ಹೆಚ್ಚು ಕಂಡಿಲ್ಲ. ಎರಡು ಕೌದಿ ಹೊದ್ದುಕೊಂಡು ಮಲಗಿ, ಕ್ಷೀಣ ದನಿಯಲ್ಲಿ ಹೆಂಡತಿಯನ್ನು ಕರೆದೆ.

"ರಾಜಿ, ಮೈ ತಣ್ಣಗಾಗಾಕತ್ತೈತಿ. ತೊಂಬತ್ತೆಂಟಕ್ಕ ಬಂದೈತಿ."

ಅವಳು ಥರ್ಮಾಮೀಟರು ನೋಡಿದಳು, ನನ್ನನ್ನು ನೋಡಿದಳು.

"ಏನ್ರಿ, ನೀವು ಮನಷ್ಯಾರ್ರಿ."

"ಗೊತ್ತೈತಿ. ಅದಕ್ಕ...?"

"ಮನಷ್ಯಾರಿಗೆ ತೊಂಬತ್ತೆಂಟ ಇರಬೇಕ್ರಿ. ನೂರಾಒಂದೂವರಿ ಎಮ್ಮಿಗೆ."

ಕೌದಿಯನ್ನು ಮುಖದ ಮೇಲೆ ಎಳೆದುಕೊಂಡೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸೂಜಿ ಮಾಡಿಸಿಕೊಂಡ ಅದೇ ಬಲಗೈಯಿಂದ ನಮ್ಮ ಅವ್ವ ಪಕ್ಕದ ಮನೆಯವರ ಬೀಗರಿಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದಳು.

ಮರುದಿನ ನಾಲತವಾಡದ ಆಚೆಯ ಒಂದು ಹಳ್ಳಿಯಲ್ಲಿ ನಮ್ಮ ಕ್ಯಾಂಪು. ಮುಂದೆ ಹಾಕುವಂಥದಲ್ಲ. ಪಕ್ಕದ ಊರಿನಲ್ಲಿ ಕಾಲುಬಾಯಿ ಬೇನೆ ಬಂದು ಆರು ದನ ಮೇವು ಬಿಟ್ಟಿದ್ದವು, ಎರಡು ಕರು ಸತ್ತಿದ್ದವು. ನಾನು ಕರ್ತವ್ಯದ ಕರೆಗೆ ಓಗೊಟ್ಟೆ. ಆದರೆ ಎಡಗೈಗೆ ತೊಂದರೆಯಾಗದಿರಲೆಂದು ಒಂದು ಹಸಿರು ಟವೆಲ್ಲನ್ನು ಕೊರಳಿಗೆ ಕಟ್ಟಿ, ಅದರಲ್ಲಿ ಕೈಯನ್ನು ಜೋಲಿಯ ಹಾಗೆ ಇಳಿಬಿಟ್ಟೆ. ರಾಜೇಶ್ವರಿ ಬಾಗಿಲಲ್ಲಿ ನಿಂತು, "ಅದನ್ನ ತಗದು ಹೋಗ್ರಿ. ಮಂದಿ ಏನಂತಾರ?" ಎಂದಳು.

"ಮಂದಿ ನನ್ನ ನೋಡಿ ಕಲೀತಾರ!" ಎಂದು ಜೀಪು ಹತ್ತಿದೆ.

ಮಂದಿ ಕಲಿತರು.

ನಾವು ಹೋದಾಗ ಶಾಲೆಯ ಮುಂದಿನ ಬಯಲಿನಲ್ಲಿ ನೂರೈವತ್ತರ ಹತ್ತಿರ ದನ ನೆರೆದಿದ್ದವು. ಸಾಲಿನಲ್ಲಿ ಮೊದಲನೆಯವನು ಖಂಡೆಪ್ಪ, ಆ ಊರಿನ ದೊಡ್ಡ ರೈತ, ಮಾತಿನಲ್ಲಿ ಇನ್ನೂ ದೊಡ್ಡವನು. ಅವನು ಮಾಡಿದ್ದನ್ನು ಊರು ಮಾಡುತ್ತದೆ. ನನ್ನನ್ನು ಕಂಡು ಗಾಬರಿಯಿಂದ ಓಡಿಬಂದ.

"ಸಾಹೇಬ್ರ! ಕೈಗೆ ಏನಾತ್ರಿ? ಎಮ್ಮಿ ಹಾಯ್ತೇನ್ರಿ?"

ನಾನು ತಕ್ಕ ಉತ್ತರವನ್ನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಸಹಾಯಕ ಮಾನಪ್ಪ ಬಾಯಿ ತೆರೆದ. ಮಾನಪ್ಪ ನಿವೃತ್ತಿಗೆ ಹತ್ತಿರವಾದವನು, ಇಡೀ ಸೇವಾವಧಿಯಲ್ಲಿ ಒಂದೂ ಸುಳ್ಳು ಹೇಳಿದವನಲ್ಲ. ಅದನ್ನು ಆ ದಿನ ಆರಂಭಿಸುವ ಉದ್ದೇಶವೂ ಅವನಿಗಿರಲಿಲ್ಲ.

"ಎಮ್ಮಿ ಎಲ್ಲೀದ್ರಿ? ಸಾಹೇಬ್ರು ನಿನ್ನೆ ಸೂಜಿ ಮಾಡಿಸ್ಕೊಂಡಾರ್ರಿ."

ಖಂಡೆಪ್ಪ ನನ್ನ ಟವೆಲ್ಲನ್ನು ನೋಡಿದ. ತನ್ನ ಎಮ್ಮೆಯನ್ನು ನೋಡಿದ. ಅಂಗಡಿಯಲ್ಲಿ ತೂಕ ನೋಡುವವರ ಹಾಗೆ ಎರಡನ್ನೂ ಮತ್ತೆ ಮತ್ತೆ ನೋಡಿದ.

"ಒಂದ ಸೂಜಿಗೇನ್ರಿ?"

"ಇದು ಬ್ಯಾರೆ ಸೂಜಿ, ಖಂಡೆಪ್ಪ. ಮನಷ್ಯಾರದು."

"ಮನಷ್ಯಾರದ ಹಿಂಗಾದ್ರ ದನದ್ದು ಹೆಂಗಿರಬೇಕ್ರಿ? ನಿಮಗರ ಕೈ ಕಟ್ಟಿಕೊಳ್ಳಾಕ ಟಾವೆಲ್ ಐತಿ. ಇದಕ ನಾಕ ಕಾಲಿಗೆ ನಾಕ ಟಾವೆಲ್ ನಾ ಎಲ್ಲಿಂದ ತರಲ್ರಿ?"

ಎಮ್ಮೆಯ ಹಗ್ಗ ತಿರುಗಿಸಿ ಹೊರಟ. ಅವನ ಹಿಂದೆ ಎರಡನೆಯವನು. ಅವನ ಹಿಂದೆ ಊರು. ನಾನು ನನ್ನ ಪ್ರಖ್ಯಾತ ಭಾಷಣವನ್ನು ಎರಡು ಸಲ ಮಾಡಿದೆ. "ಮೂರನೇ ದಿನ ನೋಡ್ರಿ, ಎಂದಿನಂಗ ಮೇಯ್ತಾವು" ಎಂದಾಗ ಹಿಂದಿನಿಂದ ಯಾರೋ, "ಹಂಗಾರ ನಿಮ್ಮನ್ನ ನಾಡಿದ್ದ ನೋಡ್ತೇವ್ರಿ" ಎಂದರು. ಹತ್ತು ನಿಮಿಷದಲ್ಲಿ ಬಯಲಿನಲ್ಲಿ ಉಳಿದದ್ದು ನಾನು, ಮಾನಪ್ಪ, ಒಂದಿಷ್ಟು ಸಗಣಿ. ಪೆಟ್ಟಿಗೆಯಲ್ಲಿ ಲಸಿಕೆಯ ಸುತ್ತ ಇಟ್ಟಿದ್ದ ಐಸು ಕರಗುತ್ತಿತ್ತು.

ಮೊದಲ ಸಲ ನನಗೆ ನಿಜವಾದ ಹೆದರಿಕೆಯಾಯಿತು. ಅದು ಚೀಟಿಯಲ್ಲಿ ಇರಲಿಲ್ಲ. ಬೇನೆ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಈ ಊರಿನ ಒಂದು ಕರು ಸತ್ತರೂ ಅದು ನನ್ನ ಟವೆಲ್ಲಿನ ಲೆಕ್ಕಕ್ಕೆ. ರಾಜೇಶ್ವರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಅಲ್ಲೇ ಇರ್ರಿ," ಎಂದಳು. "ಅತ್ತೀನ ಕರಕೊಂಡು ಬರ್ತೇನಿ."

ಒಂದು ತಾಸಿನಲ್ಲಿ ಟಂಟಂ ಆಟೋ ಬಂದು ನಿಂತಿತು. ಅತ್ತೆ ಸೊಸೆ ಇಳಿದರು. ಅವ್ವ ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಖಂಡೆಪ್ಪನ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು, ನೀರು ಕೇಳಿ ಕುಡಿದು, ಮಾತು ತೆಗೆದಳು. ಸುತ್ತ ಊರು ನೆರೆಯಿತು.

"ನೋಡಪಾ, ನಿನ್ನೆ ನಾವು ಮೂರೂ ಮಂದಿ ಒಂದ ದವಾಖಾನ್ಯಾಗ ಒಂದ ಸೂಜಿ ಮಾಡಿಸಿಕೊಂಡೀವಿ. ನಾನೂ, ನನ್ನ ಸೊಸಿ, ಈ ಡಾಕ್ಟರ. ನನಗ ದಮ್ಮ ಐತಿ. ನನ್ನ ಕೈ ಒಂದೀಟ ನೋಯ್ತೈತಿ, ಸುಳ್ಳ ಹೇಳೂದಿಲ್ಲ. ಮುಂಜಾನೆ ಇಪ್ಪತ್ತ ರೊಟ್ಟಿ ಬಡದ ಬಂದೇನಿ."

"ಹಂಗಾರ ಸಾಹೇಬ್ರಿಗೆ ಯಾಕ್ ಹಿಂಗಾತವಾ?"

ಅವ್ವ ಆಗ ನನ್ನ ಕಡೆ ನೋಡಿದಳು. ತಾಯಿ ಮಗನನ್ನು ನೋಡುವ ನೋಟವೇ ಅದು, ಸುಳ್ಳಲ್ಲ. ಆದರೆ ಆಚೆ ಕೊಟ್ಟಿಗೆಯಲ್ಲಿ ಖಂಡೆಪ್ಪನ ಕರುವೊಂದು ಕೂಗುತ್ತಿತ್ತು.

"ಅವ ಸಣ್ಣಾಂವಿದ್ದಾಗಿಂದ ಹಂಗಪಾ," ಎಂದಳು. "ಸಾಲ್ಯಾಗ ಸೂಜಿ ಮಾಡಾಕ ಬಂದ್ರಂದ್ರ ಜ್ವಾಳದ ಹಗೇದ ಕುಣ್ಯಾಗ ಇಳದು ಕುಂದರ್ತಿದ್ದ. ಹೈಸ್ಕೂಲಿಗೆ ಹೋಗೂ ತನಕಾ ನಾ ಹಿಡ್ಕೊಂಡ ಮ್ಯಾಲೆ ಸೂಜಿ ಮಾಡ್ಯಾರ. ಸೂಜಿ ಚಲೋನ ಐತಿ. ಅಂಜಬುರುಕ ನನ್ನ ಮಗಾ."

ಖಂಡೆಪ್ಪ ನನ್ನ ಕಡೆ ತಿರುಗಿದ. ನಗಲಿಲ್ಲ. ಪಂಚಾಯಿತಿಯಲ್ಲಿ ಸಾಕ್ಷಿ ಕೇಳುವವರ ಗಾಂಭೀರ್ಯ.

"ಖರೇನ್ರಿ, ಸಾಹೇಬ್ರ?"

ಇಪ್ಪತ್ತೊಂದು ವರ್ಷ ಕಟ್ಟಿಕೊಂಡ ಮರ್ಯಾದೆ ಒಂದು ಕಡೆ, ನೂರೈವತ್ತು ದನ ಇನ್ನೊಂದು ಕಡೆ. ಬಹಳ ಹೊತ್ತು ಯೋಚಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ರಾಜೇಶ್ವರಿ ಕೈ ಮುಂದೆ ಚಾಚಿ ನಿಂತಿದ್ದಳು, ಟವೆಲ್ಲಿಗಾಗಿ.

ಬಿಚ್ಚಿ ಕೊಟ್ಟೆ. "ಖರೇ ಐತಿ, ಖಂಡೆಪ್ಪ. ಕೈಗೆ ಏನೂ ಆಗಿಲ್ಲ. ಜರಾ ನೋಯ್ತೈತಿ, ಅಷ್ಟ. ಉಳಿದದ್ದೆಲ್ಲಾ ಅಂಜಿಕಿ."

ಎಡಗೈಯನ್ನು ತಲೆಯ ಮೇಲಿನವರೆಗೆ ಎತ್ತಿ ತೋರಿಸಿದೆ. ಮಾನಪ್ಪ ಚಪ್ಪಾಳೆ ತಟ್ಟಿದ, ಬೇರೆ ಯಾರೂ ತಟ್ಟಲಿಲ್ಲ. ಖಂಡೆಪ್ಪ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿದ. ಸಂಜೆಯೊಳಗೆ ಆ ಊರಿನಲ್ಲಿ ಸೂಜಿ ಆಗದ ದನ ಒಂದೂ ಉಳಿಯಲಿಲ್ಲ. ಎಡಗೈಯಿಂದ ಚರ್ಮ ಹಿಡಿದು ಬಲಗೈಯಿಂದ ಚುಚ್ಚುತ್ತ ಹೋದೆ; ನಲವತ್ತನೆಯ ಎಮ್ಮೆಯ ಹೊತ್ತಿಗೆ ನೋವು ಯಾವ ಕಡೆ ಹೋಯಿತೋ ಗೊತ್ತಾಗಲಿಲ್ಲ. ಬೇನೆ ಆ ಊರಿಗೆ ಬರಲಿಲ್ಲ. ನಮ್ಮ ಅವ್ವನಿಗೂ ಆ ಚಳಿಗಾಲ ಆಸ್ಪತ್ರೆಯ ಮಂಚ ಬೇಕಾಗಲಿಲ್ಲ.

ಆರು ತಿಂಗಳ ಮೇಲೆ ಮುಂದಿನ ಸುತ್ತಿಗೆ ಅದೇ ಊರಿಗೆ ಹೋದೆ. ಹಳೆಯದೆಲ್ಲ ಜನ ಮರೆತಿರುತ್ತಾರೆ ಎಂಬ ಧೈರ್ಯವಿತ್ತು. ಸಾಲು ತಾನಾಗಿ ನಿಂತಿತ್ತು, ಭಾಷಣದ ಅಗತ್ಯವೇ ಬೀಳಲಿಲ್ಲ. ಖಂಡೆಪ್ಪ ಈ ಸಲ ಇನ್ನೂ ಕರು ಹಾಕದ ಹೊಸ ಮಣಕವೊಂದನ್ನು ತಂದಿದ್ದ. ಅದಕ್ಕೆ ಮೊದಲ ಸೂಜಿ. ನನ್ನ ಕೈಯಲ್ಲಿ ಸಿರಿಂಜು ಕಂಡದ್ದೇ ತಡ, ಅದು ಕಣ್ಣು ಬಿಟ್ಟು, ನಾಲ್ಕೂ ಕಾಲು ನಡುಗಿಸಿ, ಹಿಂದೆ ಹಿಂದೆ ಸರಿಯಿತು.

ಖಂಡೆಪ್ಪ ಅದರ ಕೊರಳು ತಬ್ಬಿ, ಬೆನ್ನು ಚಪ್ಪರಿಸಿ, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ:

"ಸುಮ್ನ ನಿಂದ್ರವಾ ನನ್ನ ತಾಯಿ. ದನಾ ಆಗಿ ಹುಟ್ಟಿ, ಡಾಕ್ಟರ ಹಂಗ ಮಾಡ್ತಾರೇನ?"