ಬಂಗುಡೆ ಸಾರಿನಲ್ಲಿ ಮುಳುಗಿದ ರೋಮ್

ನನ್ನ ಅಣ್ಣನಿಗೆ ಎರಡು ಸಾವಿರ ವರ್ಷ ಹಿಂದಿನ ರೋಮ್ ನಗರದಲ್ಲಿ ದಾರಿ ತಪ್ಪುವುದಿಲ್ಲ. ನಾವಿರುವ ಕುವೈತಿನ ಫಹಾಹೀಲಿನಲ್ಲಿ ತಪ್ಪುತ್ತದೆ. ಹನ್ನೊಂದು ವರ್ಷದಿಂದ ಇದೇ ಕಟ್ಟಡದಲ್ಲಿದ್ದರೂ ತಿಂಗಳಿಗೊಮ್ಮೆ ಪಕ್ಕದ ಕಟ್ಟಡದ ಬೆಲ್ ಒತ್ತುತ್ತಾನೆ. ಅಲ್ಲಿಯ ಈಜಿಪ್ಟಿನವರು ಬೈಯುವುದು ಬಿಟ್ಟು ಈಗ ಚಹಾ ಕೊಡುತ್ತಾರೆ.

ಅಣ್ಣ ಶುಐಬಾದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ರೋಮ್ ನೋಡಿದವನಲ್ಲ. ಕೆಲಸ ಮುಗಿಸಿ ಬಂದವನೇ ಪುಸ್ತಕ ಹರಡಿಕೊಂಡು ದೊಡ್ಡ ಹಾಳೆಯೊಂದರ ಮೇಲೆ ಹಳೇ ರೋಮಿನ ನಕ್ಷೆ ಬರೆಯುತ್ತಾನೆ: ಏಳು ಗುಡ್ಡ, ಸಂತೆ, ಸ್ನಾನದ ಮನೆ, ಚರಂಡಿ. ಎಲ್ಲಿತ್ತೆಂದು ಪಂಡಿತರು ಇನ್ನೂ ಜಗಳವಾಡುವ ಬೀದಿಗಳು ಪೆನ್ಸಿಲಿನಲ್ಲಿ, ಉಳಿದವು ಶಾಯಿಯಲ್ಲಿ. ಗುಡ್ಡವೇ ಇಲ್ಲದ ಕುವೈತಿನಲ್ಲಿ ಕೂತು ಗುಡ್ಡದ ಇಳಿಜಾರಿನ ಚಿಂತೆ ಮಾಡುವವರು ಇನ್ಯಾರಿದ್ದಾರೆ?

ನಾನು ಏಳನೇ ಕ್ಲಾಸಿಗೇ ಓದು ಖಲಾಸ್ ಮಾಡಿದವನು, ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಒಮ್ಮೆ ಅಣ್ಣ ನನ್ನನ್ನೇ ಕೇಳಿದ.

"ಈ ಬೀದಿ ಎಡಕ್ಕೆ ತಿರುಗಿತ್ತೋ ಬಲಕ್ಕೋ, ನೀನು ಹೇಳು."

"ನನಗೆಂತ ಗೊತ್ತು ಅಣ್ಣ? ಚರಂಡಿ ಯಾವ ಕಡೆ ಉಂಟು?"

"ಬಲಕ್ಕೆ."

"ಹಾಗಾದ್ರೆ ತಗ್ಗು ಆ ಕಡೆ. ಮೂಟೆ ಹೊತ್ತವ ಏರು ಹತ್ತಿಕೊಂಡು ಹೋಗ್ತಾನಾ? ಬೀದಿಯೂ ಬಲಕ್ಕೆ."

ಅಣ್ಣ ಹಾಳೆಯ ಮೇಲೆ ಬಗ್ಗಿದ. ಆಮೇಲೆ ಪೆನ್ಸಿಲ್ ಗೆರೆಯ ಮೇಲೆ ಶಾಯಿ ಎಳೆದ.

ಇನ್ನು ನನ್ನ ತಪ್ಪು. ಶುಕ್ರವಾರ ನೆಲದ ಮೇಲೆ ಹಳೇ ಪೇಪರ್ ಹಾಸಿ ಸುತ್ತ ಕೂತು ಉಣ್ಣುವುದು ನಮ್ಮ ರೂಮಿನ ಪದ್ಧತಿ. ಆ ದಿನ ಅಣ್ಣ ಡ್ಯೂಟಿಯಲ್ಲಿದ್ದ, ಪೇಪರ್ ಮುಗಿದಿತ್ತು. "ಯಲ್ಲಾ ಭಾಯಿ, ಹಸಿವು" ಎಂದು ರೂಮಿನವರ ಅವಸರ. ಮಂಚದ ಹಿಂದಿನ ಹಾಳೆ ಎಳೆದು, ಮಗುಚಿ ಹಾಸಿದೆ. ಅದು ಅಣ್ಣನ ನಕ್ಷೆಯೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಉಂಡು ಹಾಗೇ ಸುತ್ತಿಟ್ಟರಾಯಿತು ಅಂದುಕೊಂಡಿದ್ದೆ. ಸಾರಿನ ಪಾತ್ರೆ ಮಗುಚಿತು. ನದಿ ಉಕ್ಕಿ ರೋಮ್ ಎಷ್ಟೋ ಸಲ ಮುಳುಗಿತ್ತಂತೆ. ಬಂಗುಡೆ ಸಾರಿನಲ್ಲಿ ಮುಳುಗಿದ್ದು ಅದೇ ಮೊದಲು.

ಮೀನಿನ ಮುಳ್ಳಿನ ಸಮೇತ ಮುದ್ದೆ ಮಾಡಿ ಕಸದ ಚೀಲಕ್ಕೆ ತುರುಕಿದೆ. ಸಂಜೆ ಅಣ್ಣ ಹುಡುಕಿದಾಗ, "ಎಸಿ ರಿಪೇರಿಯವರು ಬಂದಿದ್ರು, ಅವರೇ ತಗೊಂಡು ಹೋದರೋ ಏನೋ" ಎಂದೆ.

"ಹೌದಾ" ಎಂದವನು ಕಸದ ಚೀಲ ಎತ್ತಿಕೊಂಡು ಕೆಳಗೆ ಹೋದ. ಮರುವಾರ ಹೊಸ ಹಾಳೆ ತಂದ.

ಎಂಟು ತಿಂಗಳು ನಾನು ಬಾಯಿ ಬಿಡಲಿಲ್ಲ. ಮೊನ್ನೆ ಅಣ್ಣ ಇನ್ನೊಂದು ಗುಡ್ಡದ ಕತೆ ಹೇಳಿದ. ಎಣ್ಣೆ ತಂದ ಜಾಡಿಗಳನ್ನು ರೋಮಿನವರು ಒಡೆದು ಒಂದೇ ಕಡೆ ಹಾಕಿ ಹಾಕಿ ಎದ್ದ ಗುಡ್ಡವಂತೆ ಅದು. "ಊರಿನ ನಿಜ ಬೇಕಾದ್ರೆ ಅದರ ಕಸ ನೋಡ್ಬೇಕು ಮಾರಾಯ" ಎಂದ.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಗೊತ್ತುಂಟು. ಆ ದಿನವೇ ಚೀಲ ಬಿಚ್ಚಿ ನೋಡಿದ್ದೆ."

"ಮತ್ತೆ ಬೈಲಿಲ್ಲ ಯಾಕೆ?"

"ನೀನು ಮೂರು ದಿನ ಸರಿ ಊಟ ಮಾಡ್ಲಿಲ್ಲ. ಇನ್ನೆಂತ ಬೈಯುವುದು?"

ಅಲ್ಲಿಯವರೆಗೆ ನಾನು ಕಣ್ಣೆತ್ತಿಯೂ ನೋಡದ ಹೊಸ ನಕ್ಷೆಯನ್ನು ಅಣ್ಣ ಹರಡಿದ. ಬಿಳಿ ಹಾಳೆಯ ನಡುವೆ ಹಳೇ ನಕ್ಷೆಯ ಅಂಗೈಯಗಲದ ತುಂಡೊಂದನ್ನು ಒರೆಸಿ, ಒಣಗಿಸಿ ಅಂಟಿಸಿದ್ದ. ಅರಿಶಿನದ ಕಲೆ ಹೋಗಿರಲಿಲ್ಲ. ಅದರ ಮೇಲೆ ಒಂದೇ ಒಂದು ಬೀದಿ, ಬಲಕ್ಕೆ ತಿರುಗಿತ್ತು.